ಮೊದಲ ಹೆಸರು ನನ್ನದಾಗಿದ್ದ ಪ್ರಬಂಧ

ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ವಿಷಯದಲ್ಲಿ ನಾವು ನಾಲ್ವರೂ ಜಗಳವಾಡಲಿಲ್ಲ. ನಮ್ಮ ವೃತ್ತಿಯಲ್ಲಿ ಇದು ಅಪರೂಪ. ವರ್ಷಗಟ್ಟಲೆ ಒಂದೇ ಕೊಠಡಿಯಲ್ಲಿ ಕೂತು ಟೀ ಕುಡಿದವರು ಹೆಸರಿನ ಸರದಿಗಾಗಿ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ನನ್ನ ಮಾರ್ಗದರ್ಶಕರು ಮಾತ್ರ ಮೈಸೂರಿನಿಂದ ಫೋನ್ ಮಾಡಿ, "ಮೊದಲನೇ ಹೆಸರು ನಿಂದೇ ಇರ್ಲಿ ಕಣಮ್ಮ, ಪ್ರಮೋಷನ್ನಿಗೆ ಬೇಕಲ್ಲ. ಪತ್ರವ್ಯವಹಾರಕ್ಕೂ ನಿನ್ನ ವಿಳಾಸನೇ ಕೊಟ್ಬಿಡು" ಎಂದರು. ನಾನು ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ನಮ್ಮಲ್ಲಿ ಬಡ್ತಿ ಸಿಗುವುದು ಅಂಕದ ಮೇಲೆ. ಪ್ರಬಂಧದ ಮೊದಲ ಹೆಸರಿನವರಿಗೂ, ಪತ್ರವ್ಯವಹಾರ ನೋಡಿಕೊಳ್ಳುವವರಿಗೂ ಅಂಕದಲ್ಲಿ ದೊಡ್ಡ ಪಾಲು. ಉಳಿದವರು ಮಿಕ್ಕಿದ್ದನ್ನು ಹಂಚಿಕೊಳ್ಳಬೇಕು. ಕುಶಾಲನಗರದ ಹತ್ತಿರದ ಕಾಲೇಜೊಂದರಲ್ಲಿ ಭೂವಿಜ್ಞಾನ ಹೇಳಿಕೊಡುವ ನನಗೆ ಇಂಥ ಪಾಲು ಅಲ್ಲಿಯ ತನಕ ಒಮ್ಮೆಯೂ ಸಿಕ್ಕಿರಲಿಲ್ಲ.

ವಿಷಯ ಇದು. ಕೊಡ್ಲಿಪೇಟೆಯ ಆಚೆ, ಬಸ್ಸಿಳಿದು ಜೀಪು ಹತ್ತಿ ಹೋಗಬೇಕಾದ ಒಂದು ಕಾಫಿ ಎಸ್ಟೇಟು. ಅಲ್ಲಿ ಒಂದು ಮಳೆಗಾಲದಲ್ಲಿ ಪಕ್ಕದ ಗುಡ್ಡ ಜಾರಿತ್ತು. ಜನಕ್ಕೆ ಏನೂ ಆಗಲಿಲ್ಲ. ಆದರೆ ಅದರ ಒತ್ತಿಗೇ ಇದ್ದ ಇನ್ನೊಂದು ಇಳಿಜಾರಿನ ಬುಡದಲ್ಲಿ ಕೆಲಸದವರ ಲೈನು ಮನೆಗಳಿದ್ದವು. ಅವುಗಳನ್ನು ಖಾಲಿ ಮಾಡಿಸಿ, ಸಂಸಾರಗಳನ್ನು ಪೇಟೆಯ ಬಾಡಿಗೆ ಕೋಣೆಗಳಿಗೆ ಕಳಿಸಿದ್ದರು. ಆ ಇಳಿಜಾರು ಎಷ್ಟು ಗಟ್ಟಿ ಎಂದು ಅಧ್ಯಯನ ಮಾಡಿದ್ದು ನಾವು. ಯೋಚನೆ ಮಾರ್ಗದರ್ಶಕರದ್ದು. ಸ್ಥಳಕ್ಕೆ ಹೋಗಿ ಅಳತೆ ಮಾಡಿ, ಬಿರುಕು, ಒರತೆ, ವಾಲಿದ ಮರಗಳನ್ನು ಗುರುತಿಸಿ, ಫೋಟೊ ತೆಗೆದದ್ದು ಚಾಮರಾಜನಗರದ ಕಡೆಯ ನನ್ನ ಕಿರಿಯ ಸಹೋದ್ಯೋಗಿ. ಮಣ್ಣಿನ ಪರೀಕ್ಷೆ, ಲೆಕ್ಕ, ಬರವಣಿಗೆ ನನ್ನದು. ನಾಲ್ಕನೆಯವರು ಒಬ್ಬ ಎಂಜಿನಿಯರು. ಜೀಪು ಮತ್ತು ನಕ್ಷೆ ಕೊಡಿಸಿದ್ದರು. ಜೀಪು ಕೊಡಿಸಿದರೆ ಲೇಖಕರಾಗುತ್ತಾರೆಯೇ ಎಂದು ಕೇಳಬೇಡಿ, ನಮ್ಮಲ್ಲಿ ಆಗುತ್ತಾರೆ.

ಪ್ರಬಂಧ ಸಲ್ಲಿಸುವ ಜಾಲತಾಣದಲ್ಲಿ, ಯಾರು ಯಾವ ಕೆಲಸ ಮಾಡಿದರು ಎಂದು ಒಂದೊಂದೇ ಚೌಕದಲ್ಲಿ ಗುರುತು ಹಾಕಬೇಕಿತ್ತು. ಕೊನೆಯ ಚೌಕದ ಪಕ್ಕದಲ್ಲಿ, ಲೇಖಕರೆಲ್ಲರೂ ಇಡೀ ಪ್ರಬಂಧವನ್ನು ಓದಿ ಒಪ್ಪಿದ್ದಾರೆ, ಅದರ ಪ್ರತಿ ಮಾತಿಗೂ ಹೊಣೆಯಾಗುತ್ತಾರೆ ಎಂದಿತ್ತು. ಅದಕ್ಕೂ ಗುರುತು ಹಾಕಿದೆ. ಆ ಇಳಿಜಾರಿಗೆ ನಾನು ಕಾಲಿಟ್ಟೇ ಇರಲಿಲ್ಲ. ಅದರಲ್ಲಿ ಮೋಸವೇನೂ ಇರಲಿಲ್ಲ, ಕೆಲಸ ಹಂಚಿಕೊಳ್ಳುವುದೇ ಹಾಗೆ. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. "ಈ ಇಳಿಜಾರಿನಲ್ಲಿ ಬಿರುಕುಗಳು ಕಂಡುಬಂದಿಲ್ಲ, ಸಾಮಾನ್ಯ ಮಳೆಗಾಲದಲ್ಲಿ ಇದು ಸ್ಥಿರ" ಎಂಬ ತೀರ್ಮಾನ ನನ್ನ ವಾಕ್ಯ, ಅವನ ಕಣ್ಣು.

ಪ್ರಬಂಧ ಅಚ್ಚಾಯಿತು. ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗೂ ಪಫ್ಸ್ ಹಂಚಿದ್ದೂ ಆಯಿತು. ಬಡ್ತಿಯ ಸಂದರ್ಶನ ಮಳೆಗಾಲದಲ್ಲಿ ಎಂದು ತಿಳಿಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಎಸ್ಟೇಟಿನ ರೈಟರು ಫೋನ್ ಮಾಡಿದರು. ಎಸ್ಟೇಟಿನಲ್ಲಿ ಹಾಜರಿ ಕರೆದು, ಕೆಲಸ ಹಂಚಿ ನೋಡಿಕೊಳ್ಳುವವರನ್ನು ರೈಟರು ಎನ್ನುತ್ತಾರೆ. ಮಣ್ಣಿನ ಡಬ್ಬಿಗಳನ್ನು ನನಗಾಗಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದವರು ಅವರೇ. ಮುಖ ನೋಡಿರಲಿಲ್ಲ, ದನಿ ಮಾತ್ರ ಪರಿಚಯ.

"ಮೇಡಂ, ನಿಮ್ಮಿಂದ ಬಾಳ ಉಪಕಾರ ಆಯ್ತು ಕಣ್ರೀ. ಎಲ್ಲಾ ವಾಪಸ್ ಲೈನಿಗೆ ಬಂದ್ವಿ."

"ಯಾವ ಲೈನಿಗೆ?"

"ಅದೇ, ಗುಡ್ಡದ ಬುಡದ್ದು. ನಮ್ ಮ್ಯಾನೇಜರ್ರು ನಿಮ್ ಪೇಪರ್ ತಗಂಡೋಗಿ ತಾಲೂಕ್ ಆಫೀಸಲ್ಲಿ ತೋರ್ಸಿ ಒಪ್ಪಿಗೆ ತಂದ್ರು. ಅಪಾಯ ಇಲ್ಲ ಅಂತ ಬರ್ದಿದೀರಂತಲ್ಲ. ಮೊದ್ಲನೇ ಹೆಸ್ರೇ ನಿಮ್ದು, ನಮ್ಮನೆಯೋಳಿಗೂ ತೋರಿಸ್ದೆ. ಸುಣ್ಣ ಹೊಡ್ದು ಹಾಲು ಉಕ್ಸಿದ್ವಿ. ಮುಂದಿನ ತಿಂಗ್ಳು ಮಗಳನ್ನ ಹೆರಿಗೆಗೆ ಕರ್ಕೊಂಡ್ ಬತ್ತೀನಿ. ಬಾಡ್ಗೆ ರೂಮಲ್ಲಿ ಹೆಂಗ್ ಬಾಣಂತನ ಮಾಡದು ಅಂತ ಯೋಚ್ನೆಯಾಗಿತ್ತು ನೋಡಿ."

ಒಳ್ಳೆಯದಾಯಿತು ಎಂದು ನಾನು ಹೇಳಿದ್ದೇನೋ ನಿಜ. ಫೋನ್ ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ನಾನು ಹುಟ್ಟಾ ಪುಕ್ಕಲು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ನೋಡುವವಳು. ಮನೆಯಲ್ಲಿ ಇದಕ್ಕಾಗಿ ಎಲ್ಲರೂ ಆಡಿಕೊಳ್ಳುತ್ತಾರೆ. ಆದರೆ ಈ ಹೆದರಿಕೆ ಬೇರೆ ಥರದ್ದಾಗಿತ್ತು. ನನ್ನ ಒಂದು ವಾಕ್ಯದ ಕೆಳಗೆ ಜನ ಒಲೆ ಹಚ್ಚಿದ್ದರು.

ಸಹೋದ್ಯೋಗಿ ತೆಗೆದ ಫೋಟೊಗಳನ್ನು ಮತ್ತೆ ತೆರೆದೆ. ಬರೆಯುವಾಗ ಅವನ್ನು ನೋಡಿದ್ದೆ. ಬಿರುಕಿಲ್ಲದ ಸ್ವಚ್ಛ ನೆಲ ಎಂದುಕೊಂಡಿದ್ದೆ. ಈಗ ದೊಡ್ಡದು ಮಾಡಿ ನೋಡಿದರೆ ನೆಲ ಅತಿಯಾಗಿ ಸ್ವಚ್ಛವಾಗಿತ್ತು. ಕಾಫಿ ಗಿಡಗಳ ನಡುವೆ ಎಲ್ಲೆಲ್ಲೂ ಹೊಸ ಹೆಂಟೆ, ಬೇರು ಮೇಲಾದ ಕಳೆ. ಹಾಸನದಿಂದ ಬಂದು ಇಲ್ಲಿ ನೆಲೆಸಿ ಶುಂಠಿ, ಜೋಳ ಬೆಳೆದ ಮನೆಯವಳು ನಾನು. ಕಾಫಿ ತೋಟದ ಕೆಲಸ ನನಗೆ ಗೊತ್ತಿಲ್ಲ, ಉತ್ತ ಹೊಲ ಗೊತ್ತು. ಉತ್ತ ಹೊಲದಲ್ಲಿ ಬೇಸಿಗೆಯ ಬಿರುಕನ್ನು ಯಾರಾದರೂ ಹುಡುಕುತ್ತಾರೆಯೇ?

ಸಹೋದ್ಯೋಗಿಗೆ ಫೋನ್ ಮಾಡಿದೆ. "ನೀವು ಸರ್ವೆಗೆ ಹೋದಾಗ ಅಲ್ಲಿ ನೆಲ ಅಗೆದಿತ್ತಾ?"

"ಹೂಂ ಮೇಡಂ, ಪೂರ್ತಿ. ನೀಟಾಗಿತ್ತು. ಓಡಾಡೋಕೆ ಸುಲಭ ಆಯ್ತು."

ರೈಟರಿಗೆ ಫೋನ್ ಮಾಡಿ, ತೋಟದ ಮಣ್ಣು ಅಗೆಯುವುದು ಯಾವಾಗ ಎಂದೆ. "ಅಗತೆನಾ? ಮಳೆ ಬಿಟ್ಮೇಲೆ, ಹುತ್ತರಿಗೆ ಮುಂಚೆ ಮುಗ್ಸಿಬಿಡ್ತೀವಿ. ಯಾಕ್ ಮೇಡಂ?" ನಮ್ಮ ಸರ್ವೆ ನಡೆದದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಜೆ ಮುಗಿದ ಮರುವಾರ. ಮಳೆಗಾಲ ಬಿಟ್ಟುಹೋದ ಗುರುತುಗಳನ್ನೆಲ್ಲ ಗುದ್ದಲಿಗಳು ಮುಚ್ಚಿದ ಮೇಲೆ, ಬಯಲುಸೀಮೆಯ ಅವನು ಹೋಗಿ ಏನೂ ಇಲ್ಲ ಎಂದು ನೋಡಿಕೊಂಡು ಬಂದಿದ್ದ, ಬಯಲುಸೀಮೆಯ ನಾನು ಅದನ್ನೇ ಬರೆದಿದ್ದೆ.

ಮರುದಿನ ಮೊದಲ ಬಸ್ಸಿಗೆ ಹೊರಟೆ. ರೈಟರು ಜೀಪಿನೊಂದಿಗೆ ಕಾಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ. ದನಿಗಿಂತ ಆಳು ಚಿಕ್ಕದು. "ಟೀ ಕುಡ್ದು ಹೋಗನ ಬನ್ನಿ, ನಮ್ಮನೆಯೋಳು ಕಡುಬು ಮಾಡವ್ಳೆ" ಎಂದರು. ಮೊದಲು ಗುಡ್ಡ ನೋಡೋಣ ಎಂದೆ. ಮ್ಯಾನೇಜರು ಊರಿನಲ್ಲಿರಲಿಲ್ಲ. ಕೆಲವು ಕಡೆ ಗುಂಡಿ ತೆಗೆಯಬೇಕು ಎಂದಾಗ ರೈಟರೇ, "ಗುಂಡಿ ತಾನೆ, ತೆಗೀರಿ" ಎಂದು ಇಬ್ಬರು ಆಳುಗಳನ್ನು ಜೊತೆಗೆ ಕೊಟ್ಟರು.

ಇಳಿಜಾರಿನ ನೆತ್ತಿಯ ಹತ್ತಿರ, ಮೇಲಿನಿಂದ ಕೆಳಕ್ಕೆ, ಮೊಣಕಾಲಾಳದ ಕಿರಿದಾದ ಕಾಲುವೆಗಳನ್ನು ತೋಡಿಸಿದೆ. ಬಿರುಕು ಗುಡ್ಡಕ್ಕೆ ಅಡ್ಡವಾಗಿ ಬರುತ್ತದೆ. ಹೀಗೆ ತೋಡಿದರೆ ಅದು ಎಲ್ಲಿದ್ದರೂ ಕಾಲುವೆಯ ಗೋಡೆಯಲ್ಲಿ ಕಾಣಲೇಬೇಕು. ಮೊದಲನೆಯದರಲ್ಲಿ ಮೇಲೆ ಸಡಿಲವಾದ ಕಪ್ಪು ಮಣ್ಣು, ಕೆಳಗೆ ಬಿಗಿಯಾದ ಕೆಂಪು ಮಣ್ಣು, ಇವುಗಳ ನಡುವೆ ಗೆರೆ ಎಳೆದಂತೆ ಗಡಿ. ಎರಡನೆಯದರಲ್ಲೂ ಅಷ್ಟೇ. ನನಗೆ ಸ್ವಲ್ಪ ಜೀವ ಬಂತು. ಕಡುಬಿನ ನೆನಪೂ ಆಯಿತು. ಮುಂದಿನ ಕಾಲುವೆಯ ಗೋಡೆ ಕೆರೆದು ನಯ ಮಾಡಿದಾಗ, ಕಪ್ಪು ಮಣ್ಣು ಒಂದು ಕಡೆ ಗಡಿ ದಾಟಿ, ಅಂಗೈ ಅಗಲದ ಪಟ್ಟಿಯಾಗಿ ಕೆಂಪು ಮಣ್ಣಿನೊಳಕ್ಕೆ ನೇರ ಇಳಿದಿತ್ತು. ಅದು ಬಿರುಕೇ. ಮೇಲಿನ ಮಣ್ಣು ಅದರೊಳಕ್ಕೆ ಬಿದ್ದು ತುಂಬಿಕೊಂಡಿತ್ತು.

ಅದರೊಳಕ್ಕೆ ಕಬ್ಬಿಣದ ಸಲಾಕೆ ಇಳಿಸಿದೆ. ಒತ್ತಲೇ ಬೇಕಾಗಲಿಲ್ಲ. ಹಿಡಿಯ ತನಕ ಹೋಯಿತು.

ಆ ಗೆರೆಯನ್ನೇ ಹಿಡಿದು ಪಕ್ಕಕ್ಕೆ ಹೋಗುತ್ತ ತೋಡಿಸಿದೆ. ಹೋದಲ್ಲೆಲ್ಲ ಅದು ಸಿಕ್ಕಿತು. ಇಡೀ ಇಳಿಜಾರಿನ ನೆತ್ತಿಯಲ್ಲಿ ಬಾಗಿದ ಕುಡುಗೋಲಿನ ಹಾಗೆ ಸುತ್ತಿಕೊಂಡಿತ್ತು. ಕೆಳಗೆ ಲೈನಿನ ಹಂಚುಗಳು, ತಂತಿಯ ಮೇಲೆ ಒಣಹಾಕಿದ ಬಟ್ಟೆ, ಯಾರದೋ ಮನೆಯ ಕುಕ್ಕರಿನ ಸೀಟಿ. ನಾನು ನೆಲದ ಮೇಲೆ ಕೂತುಬಿಟ್ಟೆ. ಕೂತ ಮೇಲೆ, ಕೂತದ್ದು ಬಿರುಕಿನ ಕೆಳಬದಿಯಲ್ಲಿ ಎಂದು ಗೊತ್ತಾಗಿ ಮತ್ತೆ ಎದ್ದೆ.

ಲೆಕ್ಕ ನೋಡಿ ತಿಳಿಸುತ್ತೇನೆ ಎಂದಷ್ಟೇ ರೈಟರಿಗೆ ಹೇಳಿ, ಮನೆಗೆ ಬಂದು ಅದನ್ನು ಹೊಸದಾಗಿ ಮಾಡಿದೆ. ಇಳಿಜಾರನ್ನು ಹಿಡಿದಿಡುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಬೇಕು. ಉತ್ತರ ಒಂದಕ್ಕಿಂತ ಮೇಲಿದ್ದರೆ ಗುಡ್ಡ ನಿಲ್ಲುತ್ತದೆ. ಪ್ರಬಂಧದಲ್ಲಿ ಅದು ಒಂದಕ್ಕಿಂತ ಸಾಕಷ್ಟು ಮೇಲಿತ್ತು. ಈಗ ಬಿರುಕನ್ನು ಸೇರಿಸಿದೆ, ಬಿರುಕಿನಲ್ಲಿ ಮಳೆನೀರು ನಿಂತಿದೆ ಎಂದೂ ಸೇರಿಸಿದೆ. ಉತ್ತರ ಒಂದರ ಕೆಳಗೆ ಹೋಯಿತು. ತಪ್ಪಿರಬಹುದು ಎಂಬ ಆಸೆಯಿಂದ ಮತ್ತೊಮ್ಮೆ ಮಾಡಿದೆ. ಆಗಲೂ ಕೆಳಗೇ.

ಆ ಮೇಲೆ ಲೇಖಕರನ್ನು ಒಬ್ಬೊಬ್ಬರಾಗಿ ಹುಡುಕಿದೆ. ಎಂಜಿನಿಯರು, "ಮೇಡಂ, ನಿಜ ಹೇಳ್ಬೇಕಂದ್ರೆ ಆ ಪೇಪರ್ ನಾನು ಓದೇ ಇಲ್ಲ. ನನ್ನನ್ನ ಇದಕ್ಕೆಲ್ಲ ಎಳೀಬೇಡಿ" ಎಂದರು. ಸಹೋದ್ಯೋಗಿಯದು ಇನ್ನೊಂದು ಮಾತು. "ಮೇಡಂ, ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ನನ್ನದು ಮೂರನೇ ಹೆಸರು. ತೀರ್ಮಾನ ಬರೆದವ್ರು ನೀವು ಅಲ್ವಾ?" ಸಿಟ್ಟು ಬಂತು, ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನಿಗೂ ನನ್ನಷ್ಟೇ ಭಯ. ಮಾರ್ಗದರ್ಶಕರು ಮಾತ್ರ ತುಂಬ ಸಮಾಧಾನದಿಂದ ಮಾತಾಡಿದರು.

"ನೋಡಮ್ಮ, ಪ್ರಬಂಧ ವಾಪಸ್ ತಗೋಬೇಕಂದ್ರೆ ಎಲ್ಲರ ಒಪ್ಪಿಗೆ ಬೇಕು. ನಾನು ಕೊಡಲ್ಲ ಅಂತಿಲ್ಲ. ನಿನ್ನ ಇಂಟರ್‌ವ್ಯೂ ಮುಗೀಲಿ, ಮಳೆಗಾಲನೂ ಕಳೀಲಿ. ಆಮೇಲೆ ಒಂದು ತಿದ್ದುಪಡಿ ಕಳ್ಸೋಣ."

"ಮಳೆಗಾಲದಲ್ಲೇ ಅಲ್ವಾ ಸರ್ ಅದು ಜಾರೋದು?"

"ಜಾರತ್ತೆ ಅಂತ ಹೇಳೋಕೆ ನಿನ್ನತ್ರ ಏನಿದೆ? ಸಲಾಕೆ ತಾನೆ? ಸುಮ್ನೆ ಹೆದರ್ಕೋತೀಯ. ಮೊದಲಿಂದ ನೀನು ಹಂಗೇ."

ಹೆಸರು ಹಾಕುವಾಗ ನಾಲ್ವರಿದ್ದೆವು. ಈಗ ಎಲ್ಲರೂ ಜಾರಿಕೊಂಡು ನಾನೊಬ್ಬಳೇ ಉಳಿದೆ. ಪತ್ರಿಕೆಯ ಸಂಪಾದಕರಿಗೆ ಬರೆದರೆ, ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ ಎಂದು ಸಭ್ಯವಾದ ಉತ್ತರ ಬಂತು. ಮುಂಗಾರು ಕೇರಳದ ಕರಾವಳಿ ಮುಟ್ಟಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಎರಡು ದಿನ ನನಗೆ ಊಟ ಸೇರಲಿಲ್ಲ. ಸುಮ್ಮನಿದ್ದರೆ ಬಡ್ತಿ ಸಿಗುತ್ತಿತ್ತು. ಗುಡ್ಡವೂ ನಿಲ್ಲಬಹುದಿತ್ತು. ಆದರೆ ಹೊರಗೆ ಹನಿ ಬಿದ್ದಾಗಲೆಲ್ಲ ಕುಕ್ಕರಿನ ಸೀಟಿಯೇ ಕಿವಿಯಲ್ಲಿ.

ಮೂರನೆಯ ದಿನ ಕಾಲೇಜಿಗೆ ರಜೆ ಹಾಕಿ, ಒಂದು ಪುಟ ಬರೆದೆ. ಕನ್ನಡದಲ್ಲಿ. ನಮ್ಮ ಪ್ರಬಂಧದಲ್ಲಿ ಈ ಇಳಿಜಾರಿನ ಬಗ್ಗೆ ಬರೆದ ತೀರ್ಮಾನ ತಪ್ಪು, ನೆಲ ಅಗೆದ ಮೇಲೆ ನೋಡಿದ್ದರಿಂದ ಬಿರುಕು ಕಾಣಲಿಲ್ಲ, ಈಗ ಕಂಡಿದೆ, ಮಳೆಗಾಲದಲ್ಲಿ ಲೈನಿನಲ್ಲಿ ಯಾರೂ ಇರಬಾರದು. ಕೆಳಗೆ ಒಂದೇ ಹೆಸರು. ತಾಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಇನ್ನೊಂದು ಪ್ರತಿ ಹಿಡಿದು ಎಸ್ಟೇಟಿಗೆ ಹೋದೆ.

ಮ್ಯಾನೇಜರು ಓದಿ ಮೇಜಿನ ಮೇಲೆ ಹಾಕಿದರು. "ಏನ್ ಮೇಡಂ ಇದು? ನಾಲ್ಕು ಜನ ಸೇರಿ ಇಂಗ್ಲಿಷಲ್ಲಿ ಸೇಫ್ ಅಂತ ಬರೆದಿದೀರಿ. ಈಗ ನೀವೊಬ್ರೇ ಬಂದು ಕನ್ನಡದಲ್ಲಿ ಅಲ್ಲ ಅಂತೀರಿ. ನಾನು ಯಾವ್ದನ್ನ ನಂಬ್ಲಿ?"

"ಇದನ್ನ ನಂಬಿ. ಅಲ್ಲಿ ನಾನು ಹೋಗದೆ ಬರೆದಿದ್ದೆ. ಇಲ್ಲಿ ಹೋಗಿ ಬರೆದಿದೀನಿ."

ಆಫೀಸಿನಿಂದ ಆರ್ಡರ್ ಬಂದರೆ ನೋಡೋಣ, ಜನ ಅವರಾಗಿಯೇ ಹೋಗುತ್ತಾರೆಂದರೆ ತಾನು ತಡೆಯುವುದಿಲ್ಲ, ಎದುರು ದಿಬ್ಬದ ಮೇಲಿನ ಗೋಡೌನು ಖಾಲಿ ಇದೆ ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಮೇಲೆ ಯಾರೋ ಇದ್ದರು.

ರೈಟರು ಲೈನಿನ ಜಗಲಿಯ ಮೇಲೆ ನಿಂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಮುಖ ಕೆಂಪಗಾಗಿತ್ತು. ಒಳಗೆ ಹೊಸ ಸುಣ್ಣದ ವಾಸನೆ. ಮಗಳು ಬಂದಿದ್ದಳು, ತುಂಬಿದ ಬಸುರಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಬಂದು ಸುತ್ತ ನಿಂತರು. ತಮಿಳು, ಮಲಯಾಳ, ತುಳು ಎಲ್ಲದರಲ್ಲೂ ಗುಸುಗುಸು.

"ಒಂದ್ ಸಲ ಹೋಗಿ ಅಂತೀರಿ, ಒಂದ್ ಸಲ ಬನ್ನಿ ಅಂತೀರಿ. ನಾವೇನ್ ಮನುಷ್ರೋ, ಕಾಫಿ ಮೂಟೆನೋ?" ಎಂದರು ರೈಟರು. "ಸರಿ, ಹಂಗಾರೆ ಬೀಳ್ತದೆ ಅಂತ ಬರ್ಕೊಡಿ. ಹೆಸ್ರು ಹಾಕಿ. ಈಗ್ಲೇ ಹೊರಡ್ತೀವಿ."

"ಬೀಳತ್ತೆ ಅಂತ ಬರೆಯೋಕಾಗಲ್ಲ ರೈಟ್ರೆ. ಅದು ನನಗೆ ಗೊತ್ತಿಲ್ಲ. ಬೀಳಲ್ಲ ಅಂತ ಬರೆದಿದ್ದು ತಪ್ಪು. ಅಷ್ಟೇ ಗೊತ್ತು."

"ಅದೇನ್ ಮಾತು? ಓದಿದೋರು ಒಂದ್ ಕಡೆ ನಿಂತ್ಕೊಳಿ."

ಲೆಕ್ಕ ಹೇಳಿದೆ, ಯಾರಿಗೂ ಬೇಕಾಗಿರಲಿಲ್ಲ. ಆಗ ಒಳಗಿನಿಂದ ಆ ಹುಡುಗಿ, "ಅಕ್ಕ, ನೀವಾದ್ರೆ ಇಲ್ಲಿ ಮಲಗ್ತೀರಾ?" ಎಂದಳು.

"ಇಲ್ಲ" ಎಂದೆ. "ನಂಗೆ ಭಯ. ಈಗ ಇಲ್ಲಿ ನಿಂತಿರೋಕೂ ಭಯ ಆಗ್ತಿದೆ."

ಎಲ್ಲರೂ ಒಮ್ಮೆ ಗುಡ್ಡದ ಕಡೆ ನೋಡಿದರು. ಹುಡುಗಿ ಅಪ್ಪನನ್ನು ನೋಡಿ, "ಅಪ್ಪಾ, ತೊಟ್ಲು ಮೇಲಕ್ಕೆ ತಗಂಡೋಗನ" ಎಂದಳು. ರೈಟರು ಒಳಹೋಗಿ ತೊಟ್ಟಿಲು ಎತ್ತಿಕೊಂಡು ಬಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಡುವ ಮುಂಚೆ ಬಿರುಕಿನ ಮೇಲಕ್ಕೊಂದು, ಕೆಳಕ್ಕೊಂದು ಉದ್ದನೆಯ ಗೂಟ ಹೊಡೆಸಿ, ಎರಡಕ್ಕೂ ಕೆಂಪು ಪ್ಲಾಸ್ಟಿಕ್ ಕಟ್ಟಿಸಿದೆ. ಗೋಡೌನಿನ ಮುಂದಿನ ಕಾಫಿ ಕಣದಿಂದ ಅವು ಕಾಣುತ್ತಿದ್ದವು. ಹತ್ತಿರ ಯಾರೂ ಹೋಗಬೇಡಿ, ಕಣದಲ್ಲೇ ನಿಂತು ನೋಡಿ ದಿನಾ ನನಗೆ ತಿಳಿಸಿ ಎಂದು ರೈಟರನ್ನು ಬೇಡಿಕೊಂಡೆ. ಅವರು ಹೂಂ ಎಂದರು, ಮನಸ್ಸಿಲ್ಲದ ಹೂಂ.

ಆದರೂ ದಿನಾ ಸಂಜೆ ದನಿ ಸಂದೇಶ ಬರುತ್ತಿತ್ತು. "ಎರಡೂ ಗೂಟ ಅವೆ." ಅಷ್ಟೇ. ಜೂನ್ ಕಳೆಯಿತು. "ಎರಡೂ ಅವೆ ಮೇಡಂ. ಗೋಡೌನಲ್ಲಿ ಇಲಿ ಕಾಟ." ಮೊಮ್ಮಗ ಹುಟ್ಟಿದ. "ಎರಡೂ ಅವೆ. ಇಲ್ಲಿ ಸೋರ್ತದೆ. ಲೈನು ಬೆಚ್ಗೆ ಇತ್ತು." ಕೆಲವರು ವಾಪಸ್ ಹೋಗುವ ಮಾತಾಡುತ್ತಿದ್ದಾರೆ ಎಂದೂ ಒಂದು ದಿನ ಹೇಳಿದರು. ನನಗೆ ಎರಡು ಥರದ ಭಯ ಒಟ್ಟಿಗೇ ಇತ್ತು. ಗುಡ್ಡ ಬಿದ್ದರೆ ಎಂಬುದೊಂದು. ಗುಡ್ಡ ನಿಂತೇ ಬಿಟ್ಟರೆ, ಬಾಣಂತಿಯನ್ನು ಸುಮ್ಮನೆ ಸೋರುವ ಸೂರಿನಡಿ ಹಾಕಿದವಳಾಗುತ್ತೇನೆ ಎಂಬುದು ಇನ್ನೊಂದು. ಈ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾದ ದಿನಗಳೂ ಇದ್ದವು. ಆಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಅಷ್ಟರಲ್ಲಿ ಪತ್ರಿಕೆಯವರು ಪ್ರಬಂಧದ ಮೇಲೆ ಒಂದು ಎಚ್ಚರಿಕೆಯ ಟಿಪ್ಪಣಿ ಹಾಕಿದರು. ಪರಿಶೀಲನೆ ಮುಗಿಯುವ ತನಕ ತೀರ್ಮಾನವನ್ನು ನಂಬಬಾರದು ಎಂದಿತ್ತು. ಅದಕ್ಕೆ ನನ್ನ ವಿವರಣೆಯನ್ನೂ ಜೋಡಿಸಿದ್ದರು. ಉಳಿದ ಲೇಖಕರಿಂದ ಉತ್ತರ ಬಂದಿಲ್ಲವಾದ್ದರಿಂದ ಕೆಳಗೆ ನನ್ನ ಹೆಸರೊಂದೇ.

ಸಂದರ್ಶನದ ದಿನ ಬೆಳಗಿನಿಂದ ಧಾರಾಕಾರ ಮಳೆ. ಫೋನನ್ನು ಸದ್ದಡಗಿಸಿ ಚೀಲದಲ್ಲಿಟ್ಟಿದ್ದೆ. ಮೇಜಿನಾಚೆ ಮೂವರು. ನಡುವಿನ ಹಿರಿಯರು ನನ್ನ ಪ್ರಕಟಣೆಗಳನ್ನು ಬೆರಳಿನಲ್ಲಿ ಇಳಿಸುತ್ತ ಹೋಗಿ, "ಒಬ್ಬರೇ ಬರೆದಿದ್ದು ಯಾವ್ದೂ ಇಲ್ವಾ?" ಎಂದರು.

"ಒಂದಿದೆ ಸರ್" ಎಂದು ಟಿಪ್ಪಣಿಯ ಪ್ರತಿ ಕೊಟ್ಟೆ.

ಓದಿದರು. ಪಕ್ಕದವರಿಗೆ ಕೊಟ್ಟರು. "ಇದು ನಿಮ್ಮ ಪ್ರಬಂಧ ನಂಬಬೇಡಿ ಅಂತ ನೀವೇ ಹೇಳಿರೋದು. ಇದಕ್ಕೆ ಅಂಕ ಇಲ್ಲ."

"ಗೊತ್ತು ಸರ್."

"ಮತ್ತೆ ಯಾಕೆ ತಂದ್ರಿ? ಇದರಲ್ಲಿ ನಿಮ್ಮ ಕೊಡುಗೆ ಏನು?"

ಎಲ್ಲ ಸಂದರ್ಶನಗಳಲ್ಲೂ ಕೇಳುವ ಪ್ರಶ್ನೆ ಅದು. ಅದಕ್ಕೆ ತಯಾರಾದ ಉತ್ತರಗಳು ನನ್ನ ಹತ್ತಿರ ಇದ್ದವು. ಬಾಯಿಗೆ ಬಂದದ್ದು ಬೇರೆ.

"ಹೆದರಿದ್ದು, ಸರ್."

ಒಬ್ಬರು ನಕ್ಕರು. ಹಿರಿಯರು ನಗಲಿಲ್ಲ, ಕಾಗದವನ್ನು ವಾಪಸ್ ಕೊಟ್ಟು ಹೋಗಬಹುದು ಎಂದರು.

ಹೊರಗೆ ಬಂದು ಫೋನ್ ತೆಗೆದೆ. ಸಂಜೆ ಬರಬೇಕಾದ ಸಂದೇಶ ಮಧ್ಯಾಹ್ನವೇ ಬಂದು ಕೂತಿತ್ತು. ಒತ್ತಿದೆ.

ಮಳೆಯ ಸದ್ದಿನ ನಡುವೆ ರೈಟರ ದನಿ. "ಮೇಡಂ, ಕೆಳಗಿನ ಗೂಟ ಕಾಣ್ತಿಲ್ಲ. ಲೈನೂ ಇಲ್ಲ. ಬರೀ ಮಣ್ಣು. ತಡೀರಿ, ಹಾಜರಿ ತಗೋತೀನಿ. ನೀವೂ ಕೇಳಿಸ್ಕೊಳಿ."

ಆಮೇಲೆ ಅವರು ಒಂದೊಂದೇ ಹೆಸರು ಕರೆಯತೊಡಗಿದರು. ಪಳನಿಯಮ್ಮ. ಹ್ಞಾಂ. ಬೀಫಾತು. ಇದ್ದೀನಿ. ಕಮಲ. ತುಳುವಿನಲ್ಲಿ, ಉಳ್ಳೆ. ಗೋಡೌನಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಮಗು ಅಳುತ್ತಿತ್ತು. ಪ್ರತಿ ಹೆಸರಿಗೂ ಒಂದು ದನಿ ಬರುವ ತನಕ ಅವರು ಕಾಯುತ್ತಿದ್ದರು. ನಾನು ಕಾರಿಡಾರಿನ ಗೋಡೆಗೆ ಆನಿಕೊಂಡು, ಕೊನೆಯ ಹೆಸರಿನವರು ಓಗೊಡುವ ತನಕ ಕೇಳಿದೆ.